2013ರ ಸಯಾನ್ ಎಫ್‌ಆರ್-ಎಸ್, 78 ಸಾವಿರ ಮೈಲಿ ಓಡಿದೆ, ತಗೊಳ್ಳಬಹುದಾ?

ನೋವೈ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರುವುದು ಮಿಶಿಗನ್‌ನ ನೋವೈನಲ್ಲಿ. ಮನೆಯಲ್ಲಿ ಒಂದು ಕ್ಯಾಮ್ರಿ ಇದೆ, ಅದು ಹೆಂಡತಿ ಆಫೀಸಿಗೆ ಮತ್ತು ಮಗಳ ಡೇಕೇರಿಗೆ. ನಾನು ವಾರದಲ್ಲಿ ಎರಡು ದಿನ ಮಾತ್ರ ಆಫೀಸಿಗೆ ಹೋಗುತ್ತೇನೆ. ಆ ಎರಡು ದಿನಕ್ಕೆ ಮತ್ತು ಭಾನುವಾರ ಬೆಳಿಗ್ಗೆ ಸುಮ್ನೆ ಒಂದು ರೌಂಡ್ ಹೊಡೆದು ಬರುವುದಕ್ಕೆ ಒಂದು ಗಾಡಿ ಬೇಕು. ಅಪ್ಪನ ಯಮಹಾ ಆರ್‌ಎಕ್ಸ್ 100 ಓಡಿಸಿ ಬೆಳೆದವನು ನಾನು. ಹಗುರವಾದ, ಗೇರ್ ನಾವೇ ಹಾಕುವ ಗಾಡಿ ಅಂದರೆ ಈಗಲೂ ಜೀವ.

ತಿಂಗಳುಗಟ್ಟಲೆ ಹುಡುಕಿದ ಮೇಲೆ ಇಲ್ಲೇ ಹತ್ತಿರದಲ್ಲಿ ಒಂದು ಸಯಾನ್ ಎಫ್‌ಆರ್-ಎಸ್ ಕಣ್ಣಿಗೆ ಬಿತ್ತು. ಸಯಾನ್ ಅಂದರೆ ಟೊಯೋಟಾದವರದೇ ಬ್ರ್ಯಾಂಡ್, ಇದು ಅದರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 2013ರ ಮಾಡೆಲ್, ಮ್ಯಾನುಯಲ್, ಕೆಂಪು ಬಣ್ಣ, 78,000 ಮೈಲಿ. ಮಾರುತ್ತಿರುವವರು ಎರಡನೇ ಓನರ್. 10,400 ಡಾಲರ್ ಹೇಳುತ್ತಿದ್ದಾರೆ. ಎಕ್ಸಾಸ್ಟ್ ಬದಲಾಯಿಸಿದ್ದಾರೆ, ಸ್ಪ್ರಿಂಗ್ ಹಾಕಿ ಸ್ವಲ್ಪ ತಗ್ಗಿಸಿದ್ದಾರೆ. ಫೋಟೋದಲ್ಲಿ ಗಾಡಿ ಥಳಥಳ ಅನ್ನುತ್ತಿದೆ.

ನನ್ನ ಪ್ರಶ್ನೆಗಳು ಇಷ್ಟು. 78 ಸಾವಿರ ಮೈಲಿ ಜಾಸ್ತಿ ಆಯಿತಾ? ಈ ವರ್ಷದ ಗಾಡಿಗಳ ಇಂಜಿನ್‌ನಲ್ಲಿ ಏನೋ ದೊಡ್ಡ ರೀಕಾಲ್ ಇತ್ತು ಅಂತ ಆಫೀಸಿನವರೊಬ್ಬರು ಹೆದರಿಸಿದರು, ಅದೇನು? ಇಲ್ಲಿನ ಚಳಿಗಾಲದಲ್ಲಿ ಓಡಿಸಬಹುದಾ? ಇನ್ನು ಮೂರು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದೆ, ಗಾಡಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬಹುದಾ? ಮಗಳಿಗೆ ಮೂರು ವರ್ಷ, ಅವಳ ಸೀಟು ಹಿಂದೆ ಕೂರುತ್ತದಾ ಅನ್ನುವುದನ್ನೂ ಗೊತ್ತಿರುವವರು ಹೇಳಿ.

ಬಾಕ್ಸರ್ ಭಟ್ಟ

ನಮಸ್ಕಾರ ಗುರು. ನನ್ನ ಹತ್ತಿರ ಇದೇ ಗಾಡಿಯ ಜೊತೆಯಲ್ಲಿ ಹುಟ್ಟಿದ್ದು ಇದೆ, 2013ರ ಸುಬಾರು ಬಿಆರ್‌ಝಡ್. ಎಫ್‌ಆರ್-ಎಸ್, ಬಿಆರ್‌ಝಡ್, ಟೊಯೋಟಾ 86 ಮೂರೂ ಒಂದೇ ಮನೆಯ ಮಕ್ಕಳು, ಮೂರನ್ನೂ ಕಟ್ಟಿದ್ದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಫ್ಯಾಕ್ಟರಿಯಲ್ಲಿ. ಒಂಬತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಈಗ 1,12,000 ಮೈಲಿ. ಹಾಗಾಗಿ 78 ಸಾವಿರ ನೋಡಿ ಹೆದರಬೇಡಿ. ಟೈಮಿಂಗ್ ಚೈನ್ ಇರುವ ಇಂಜಿನ್, ಬೆಲ್ಟ್ ಬದಲಾಯಿಸುವ ತಲೆನೋವು ಇಲ್ಲ. ಸ್ಪಾರ್ಕ್ ಪ್ಲಗ್ ಮಾತ್ರ 60 ಸಾವಿರಕ್ಕೆ ಬದಲಾಯಿಸಬೇಕು. ಈ ಇಂಜಿನ್ನಿನ ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಅಡ್ಡ ಮಲಗಿರುತ್ತವೆ, ಪ್ಲಗ್ ಬಿಚ್ಚಲು ಕೈ ತೂರುವುದೇ ಕಷ್ಟ, ಆದ್ದರಿಂದ ಕೂಲಿ ಜಾಸ್ತಿ. ಬಹಳ ಜನ ಮುಂದಕ್ಕೆ ಹಾಕಿಕೊಂಡು ಹೋಗುತ್ತಾರೆ. ಅದರ ಬಿಲ್ ಇದೆಯಾ ಕೇಳಿ.

ಈಗ ರೀಕಾಲ್ ವಿಷಯ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಈ ಗಾಡಿಯ ಮಟ್ಟಿಗೆ ಇದೇ ಮುಖ್ಯ. 2018ರ ಕೊನೆಯಲ್ಲಿ 2013ರ ಎಫ್‌ಆರ್-ಎಸ್ ಮತ್ತು ಬಿಆರ್‌ಝಡ್‌ಗಳನ್ನು ವಾಪಸ್ ಕರೆದರು. ಕಾರಣ ವಾಲ್ವ್ ಸ್ಪ್ರಿಂಗ್. ಸ್ಪ್ರಿಂಗ್ ಮುರಿಯುವ ಸಾಧ್ಯತೆ ಇತ್ತು, ಮುರಿದರೆ ಓಡುತ್ತಿರುವ ಗಾಡಿಯ ಇಂಜಿನ್ ನಿಂತುಹೋಗಬಹುದು. ಬೇರೆ ಇಂಜಿನ್ ಆಗಿದ್ದರೆ ಮೇಲಿನ ಮುಚ್ಚಳ ತೆಗೆದು ಬದಲಾಯಿಸುತ್ತಿದ್ದರು. ಇದು ಮಲಗಿರುವ ಇಂಜಿನ್ ಅಲ್ವಾ, ಎರಡೂ ಬದಿಯ ಹೆಡ್ ಚಾಸಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಹಾಗಾಗಿ ಇಡೀ ಇಂಜಿನ್ ಕೆಳಗಿಳಿಸಿ, ಮುಂದಿನ ಕವರ್ ಬಿಚ್ಚಿ, ಸ್ಪ್ರಿಂಗ್ ಬದಲಾಯಿಸಿ, ಮತ್ತೆ ಸೀಲೆಂಟ್ ಬಳಿದು ಮುಚ್ಚಬೇಕು.

ತೊಂದರೆ ಆಗಿದ್ದು ಇಲ್ಲಿಯೇ. ಸೀಲೆಂಟ್ ಜಾಸ್ತಿ ಬಳಿದರೆ ಅದು ಒಳಕ್ಕೂ ಉಬ್ಬಿಕೊಳ್ಳುತ್ತದೆ, ಆಮೇಲೆ ಚೂರು ಚೂರಾಗಿ ಕಿತ್ತು ಆಯಿಲ್ ಜೊತೆ ಸೇರಿ, ಆಯಿಲ್ ಹೀರುವ ಪೈಪಿನ ಜಾಲರಿಗೆ ಹೋಗಿ ಕೂರುತ್ತದೆ. ಬೇರಿಂಗಿಗೆ ಆಯಿಲ್ ಸಿಗುವುದಿಲ್ಲ. ರೀಕಾಲ್ ಕೆಲಸ ಮುಗಿದು ಸ್ವಲ್ಪ ದಿನಕ್ಕೇ ಇಂಜಿನ್ ಕಳೆದುಕೊಂಡವರು ಇದ್ದಾರೆ. ನನ್ನ ಗಾಡಿಗೂ ಈ ಕೆಲಸ ಆಗಿದೆ. ಮನೆಗೆ ತಂದ ಮೇಲೆ 500 ಮೈಲಿಗೇ ಆಯಿಲ್ ಬದಲಾಯಿಸಿ, ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಲ್ಲಿ ಬಿಡಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಬೂದು ಬಣ್ಣದ ಚೂರು ಒಂದೆರಡು ಸಿಕ್ಕಿದವು. ಸಮಾಧಾನ ಆಗದೆ ಆಯಿಲ್ ಪ್ಯಾನ್ ಬಿಚ್ಚಿಸಿ ಜಾಲರಿ ಕ್ಲೀನ್ ಮಾಡಿಸಿದೆ. ಆಮೇಲೆ ಇಲ್ಲಿವರೆಗೂ ಏನೂ ಆಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ರೀಕಾಲ್ ಆಗಿದೆಯಾ ಅಂತ ಕೇಳಿದರೆ ಸಾಲದು. ಯಾವಾಗ ಆಯಿತು, ಆಗ ಮೀಟರ್ ಎಷ್ಟಿತ್ತು ಅಂತ ಕೇಳಿ. ಆಗಿ 30-40 ಸಾವಿರ ಮೈಲಿ ಓಡಿದ್ದರೆ ನಿಶ್ಚಿಂತೆಯಿಂದ ಇರಬಹುದು. ಹೋದ ತಿಂಗಳು ಆಗಿದ್ದರೆ ನಾನಾದರೆ ಮುಟ್ಟುವುದಿಲ್ಲ. ಇನ್ನೊಂದು ವಿಷಯ, ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ಸೈಟಿನಲ್ಲಿ 17 ಅಕ್ಷರದ ವಿಐಎನ್, ಅಂದರೆ ಗಾಡಿಯ ಗುರುತು ಸಂಖ್ಯೆ, ಹಾಕಿ ನೋಡಿದಾಗ ಬಾಕಿ ಇರುವ ರೀಕಾಲ್ ಮಾತ್ರ ತೋರಿಸುತ್ತದೆ. ಸೊನ್ನೆ ಅಂತ ಬಂದರೆ ಕೆಲಸ ಮುಗಿದಿದೆ ಅಂತಲೂ ಇರಬಹುದು, ಆ ಗಾಡಿ ಪಟ್ಟಿಯಲ್ಲೇ ಇರಲಿಲ್ಲ ಅಂತಲೂ ಇರಬಹುದು. ಯಾವುದಾದರೂ ಟೊಯೋಟಾ ಡೀಲರಿಗೆ ವಿಐಎನ್ ಕೊಟ್ಟು ಸರ್ವಿಸ್ ದಾಖಲೆ ತೆಗೆಸಿ.

ನೋವೈ ಹುಡುಗ

ಭಟ್ಟರೇ, ತುಂಬಾ ಥ್ಯಾಂಕ್ಸ್. ಓನರಿಗೆ ಈಗಷ್ಟೇ ಮೆಸೇಜ್ ಮಾಡಿದೆ. "ರೀಕಾಲ್ ಏನೂ ಇಲ್ಲ, ಸೈಟಿನಲ್ಲಿ ಸೊನ್ನೆ ತೋರಿಸುತ್ತದೆ" ಅಂದರು, ನೀವು ಹೇಳಿದ ಹಾಗೇ. ಶನಿವಾರ ನೋಡಲು ಹೋಗುತ್ತಿದ್ದೇನೆ. ಓಡಿಸುವಾಗ ಏನು ಗಮನಿಸಬೇಕು?

ಬಾಕ್ಸರ್ ಭಟ್ಟ

ಮೊದಲನೆಯದು, ನೀವು ಹೋಗುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ. ಹೋದ ತಕ್ಷಣ ಮಾತಿಗೆ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿ. ಆಮೇಲೆ ಓನರ್ ಕೈಯಲ್ಲಿ ಸ್ಟಾರ್ಟ್ ಮಾಡಿಸಿ, ನೀವು ಹೊರಗೆ ನಿಂತು ಕೇಳಿ.

ಮುಂದಿನಿಂದ ಜೀರುಂಡೆ ಕೂಗಿದ ಹಾಗೆ ಚಿರ್ ಚಿರ್ ಅನ್ನುವ ಸದ್ದು ಬಂದರೆ ಅದು ಹೈ ಪ್ರೆಶರ್ ಫ್ಯುಯೆಲ್ ಪಂಪ್. ಈ ಗಾಡಿಗಳಲ್ಲಿ ಮಾಮೂಲು, ಬಂಕ್ ಬದಲಾಯಿಸಿದರೆ ಎಷ್ಟೋ ಸಲ ನಿಂತುಹೋಗುತ್ತದೆ. ತಳದಿಂದ ಟಕ್ ಟಕ್ ಅಂತ ಬಂದು, ಆಕ್ಸಲರೇಟರ್ ಒತ್ತಿದಂತೆ ಜೋರಾದರೆ ಕೀ ವಾಪಸ್ ಕೊಟ್ಟು ನಮಸ್ಕಾರ ಹೇಳಿ ಬನ್ನಿ. ನ್ಯೂಟ್ರಲ್‌ನಲ್ಲಿ ಕಾಲು ಕ್ಲಚ್ಚಿನಿಂದ ತೆಗೆದಾಗ ಸದ್ದು ಬಂದು, ಪೆಡಲ್ ಮೇಲೆ ಸುಮ್ನೆ ಕಾಲು ತಾಗಿಸಿದರೆ ನಿಂತರೆ, ಅದು ರಿಲೀಸ್ ಬೇರಿಂಗ್. ಬೇರಿಂಗ್ ಏನು ದೊಡ್ಡ ದುಡ್ಡಲ್ಲ, ಆದರೆ ಗೇರ್ ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಹಾಕಿಸುವುದೇ ಜಾಣತನ. ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ.

ಗಾಡಿ ತಣ್ಣಗಿರುವಾಗ ಒಂದರಿಂದ ಎರಡನೇ ಗೇರಿಗೆ ಬಿಗಿ ಇರುತ್ತದೆ, ಬಿಸಿಯಾದ ಮೇಲೆ ಸಲೀಸಾಗುತ್ತದೆ. ಬಿಸಿಯಾದ ಮೇಲೂ ಕರಕರ ಅಂದರೆ ಒಳಗೆ ಸವೆದಿದೆ. ಇನ್ನು 3,500ರಿಂದ 4,500 ಆರ್‌ಪಿಎಮ್ ನಡುವೆ ಎಳೆತ ಒಂದು ಕ್ಷಣ ತಗ್ಗಿದ ಹಾಗೆ ಅನಿಸುತ್ತದೆ. ಅದು ಕೆಟ್ಟಿರುವುದಲ್ಲ, ಹುಟ್ಟುಗುಣ. 200 ಹಾರ್ಸ್ ಪವರ್ ಪೂರ್ತಿ ಬರುವುದು 7,000ದ ಹತ್ತಿರ, ಅಲ್ಲಿಗೆ ಹೋದ ಮೇಲೇ ಈ ಗಾಡಿ ಏನು ಅಂತ ಗೊತ್ತಾಗುವುದು. ಕೈಯಲ್ಲಿ ಒಂದು ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸಾಧನ) ಇರಲಿ, 20-30 ಡಾಲರಿಗೆ ಸಿಗುತ್ತದೆ. ಕೋಡ್ ಇಲ್ಲ ಅಂತ ಬಂದರೂ ರೆಡಿನೆಸ್ ಮಾನಿಟರ್‌ಗಳು (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಚೆಕ್‌ಗಳು) ಮುಗಿದಿಲ್ಲ ಅಂತ ತೋರಿಸಿದರೆ, ಈಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಅಂತ ಕೇಳಿ.

ಎಕ್ಸಾಸ್ಟ್, ಸ್ಪ್ರಿಂಗ್ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬಿಚ್ಚಿದ ಒರಿಜಿನಲ್ ಸಾಮಾನು ಇಟ್ಟಿದ್ದಾರಾ ಕೇಳಿ. ಜೋಪಾನವಾಗಿ ಇಟ್ಟವರು ಗಾಡಿಯನ್ನೂ ಜೋಪಾನವಾಗಿ ನೋಡಿಕೊಂಡಿರುತ್ತಾರೆ. ಇಂಜಿನ್ ಟ್ಯೂನ್ ಮಾಡಿಸಿದ್ದರೆ ಮಾತ್ರ ಬಿಟ್ಟುಬಿಡಿ. ಮೊದಲೇ 12.5ರ ಕಂಪ್ರೆಶನ್ ಇರುವ ಇಂಜಿನ್, ಪ್ರೀಮಿಯಂ ಗ್ಯಾಸ್ (ಪೆಟ್ರೋಲ್) ಬೇಕೇ ಬೇಕು. ಅದರ ಮೇಲೆ ಯಾರೋ ಕೈಯಾಡಿಸಿದ್ದನ್ನು ನಾವು ಯಾಕೆ ಹೊರಬೇಕು?

ಧಾರವಾಡದ ಅಕ್ಕ

ನಮಸ್ಕಾರ್ರಿ. ಇಂಜಿನ್ ಬಗ್ಗೆ ಭಟ್ಟರು ಚಲೋ ಹೇಳಿದ್ದಾರೆ. ನಾನು ಗಾಡಿ ಬಿಡಿಭಾಗಗಳಿಗೆ ತುಕ್ಕು ಹಿಡಿಯದಂತೆ ಕೋಟಿಂಗ್ ಮಾಡುವ ಕಡೆ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಕ್ಯಾಂಟನ್‌ನಲ್ಲಿ ಮನೆ. ನನಗೆ ಕೇಳಿದರೆ ಮಿಶಿಗನ್‌ನಲ್ಲಿ ಹತ್ತು ಚಳಿಗಾಲ ಕಂಡ ಗಾಡಿಯ ಮೀಟರ್ ನೋಡುವ ಮೊದಲು ತಳ ನೋಡಬೇಕು.

ಇಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ತಳದ ಸಂದಿಗಳಲ್ಲಿ ಕೂತು ಬೇಸಿಗೆವರೆಗೂ ಕೆಲಸ ಮಾಡುತ್ತಿರುತ್ತದೆ. ಮೇಲೆ ಕೆಂಪು ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಹಪ್ಪಳದ ಹಾಗೆ ಪದರ ಏಳುತ್ತಿರುತ್ತದೆ. ಟಾರ್ಚ್ ಮತ್ತು ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಹೋಗಿ. ಹಿಂದಿನ ಸಬ್‌ಫ್ರೇಮ್, ಸಸ್ಪೆನ್ಶನ್ ಕಂಬಿಗಳ ಬೋಲ್ಟು, ಜಾಕ್ ಕೊಡುವ ಅಂಚು, ಬ್ರೇಕ್ ಪೈಪು ಇವಿಷ್ಟನ್ನು ನೋಡಿ. ಮೇಲ್ಮೈ ಬರೀ ಕೆಂಪಾಗಿದ್ದರೆ ಪರವಾಗಿಲ್ಲ, ಇಲ್ಲಿ ಎಲ್ಲ ಗಾಡಿಯೂ ಹಾಗೇ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಕುಟ್ಟಿದಾಗ ಟಣ್ ಅನ್ನಬೇಕು. ಬೊದ್ ಅಂದು ಪುಡಿ ಉದುರಿದರೆ ಅದು ಹೋಗಿದೆ ಅಂತಲೇ ಲೆಕ್ಕ.

ಎಲ್ಲಕ್ಕಿಂತ ಹೆಚ್ಚಾಗಿ, ತಳಕ್ಕೆ ಹೊಸದಾಗಿ ಕರಿ ಬಣ್ಣ ಹೊಡೆದಿದ್ದರೆ ಎಚ್ಚರ. ನಮ್ಮ ಮೈದುನ ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ಡೀಲರ್ ಹತ್ತಿರ ಒಂದು ಗಾಡಿ ತಗೊಂಡ. ತಳ ಕಪ್ಪಗೆ, ಹೊಸ ತವಾದಂತೆ ಇತ್ತು. ನಾನೂ ಜೊತೆಗೆ ಹೋಗಿರಲಿಲ್ಲ, ಅದು ಈಗಲೂ ಮನಸ್ಸಿಗೆ ಕೊರೆಯುತ್ತದೆ. ನಾಲ್ಕನೇ ತಿಂಗಳಿಗೆ ಮನೆ ಮುಂದೆ ರಿವರ್ಸ್ ತೆಗೆಯುವಾಗ ಬ್ರೇಕ್ ಒತ್ತಿದ, ಪೆಡಲ್ ನೆಲ ಮುಟ್ಟಿತು. ಬ್ರೇಕ್ ಪೈಪು ಒಡೆದು ಆಯಿಲ್ ಎಲ್ಲ ಡ್ರೈವ್‌ವೇ ಮೇಲೆ. ಹೆದ್ದಾರಿಯಲ್ಲಿ ಆಗಿದ್ದರೆ? ಆ ಕರಿ ಪದರ ಕೆರೆದು ನೋಡಿದರೆ ಒಳಗೆ ಪೈಪಿನ ತುಂಬ ಗುಳ್ಳೆ.

ನಿಮಗೆ ಸಾಧ್ಯವಿದ್ದರೆ ಟೆನ್ನೆಸ್ಸಿ, ಜಾರ್ಜಿಯಾ ಕಡೆಯ ಗಾಡಿ ಹುಡುಕಿ. ಒಂದು ದಿನದ ಪ್ರಯಾಣ, ಆದರೆ ತಳ ನೋಡಿದರೆ ಹೊಸ ಗಾಡಿ ಅನಿಸುತ್ತದೆ. ತಂದ ಮೇಲೆ ಚಳಿಗಾಲಕ್ಕೆ ಮುಂಚೆ ಪ್ರತಿ ವರ್ಷ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಇರುವ ಎಣ್ಣೆ ಸ್ಪ್ರೇ ಮಾಡಿಸಿ.

ರೋಟರಿ ಪ್ರೇಮಿ

ಅಷ್ಟೇ ದುಡ್ಡಿಗೆ ಮಾಜ್ದಾ ಆರ್‌ಎಕ್ಸ್-8 ಯಾಕೆ ನೋಡಬಾರದು? ನಾಲ್ಕು ಬಾಗಿಲಿದೆ, ಹಿಂದಿನದು ಹಿಮ್ಮುಖವಾಗಿ ತೆಗೆಯುತ್ತದೆ, ಮಗಳ ಸೀಟು ಆರಾಮಾಗಿ ಕೂರುತ್ತದೆ. 9,000 ಆರ್‌ಪಿಎಮ್ ತನಕ ಸಿಲ್ಕಿನ ಹಾಗೆ ತಿರುಗುವ ಇಂಜಿನ್ ಬೇರೆ ಎಲ್ಲಿದೆ? ಆದರೆ ಪ್ರೀತಿಸುವವನಾಗಿ ನಿಜ ಹೇಳಲೇಬೇಕು. 1.3 ಲೀಟರ್ ರೋಟರಿ ಇಂಜಿನ್, ಆಯಿಲ್ ಸುಡುವುದು ಅದರ ವಿನ್ಯಾಸವೇ, ಪ್ರತಿ ಎರಡು ಸಲ ಗ್ಯಾಸ್ ಹಾಕಿಸಿದಾಗ ಕಡ್ಡಿ ತೆಗೆದು ನೋಡಬೇಕು. ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ ಹತ್ತಡಿ ಸರಿಸಿ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದೆ ಇರಬಹುದು. 2004ರಿಂದ 2008ರ ಗಾಡಿಗಳಿಗೆ ಮಾಜ್ದಾ ಇಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತ್ತು, ಅದೂ ಮುಗಿದು ವರ್ಷಗಳಾದವು. ರೋಟರಿಗೇ ಆದ ಕಂಪ್ರೆಶನ್ ಟೆಸ್ಟ್ ಮಾಡಿಸದೆ ಯಾರೂ ತಗೊಳ್ಳಬಾರದು.

ಬಾಕ್ಸರ್ ಭಟ್ಟ

ಗಾಡಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇವರಿಗೆ ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಬೇಕು, ಮೊದಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಗಾಡಿ ಬೇರೆ. ನಿಸ್ಸಾನ್ 350ಝಡ್ ಕೂಡ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಅದರಲ್ಲಿ ಇರುವುದೇ ಎರಡು ಸೀಟು, ಮಗಳನ್ನು ಕೂರಿಸುವ ಮಾತೇ ಇಲ್ಲ. ಎಫ್‌ಆರ್-ಎಸ್‌ನಲ್ಲಿ ಹಿಂದೆ ಸೀಟಿದೆ, ಮಗುವಿನ ಸೀಟು ಸಿಕ್ಕಿಸುವ ಕೊಂಡಿಯೂ ಇದೆ. ಮುಂದಿನ ಸೀಟು ಪೂರ್ತಿ ಮುಂದಕ್ಕೆ ಎಳೆಯಬೇಕು ಅಷ್ಟೇ. ನೋಡಲು ಹೋಗುವಾಗ ಮಗಳ ಸೀಟನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಕೂರಿಸಿ ನೋಡಿ.

ಮತ್ತೆ ಒಂದು ಮಾತು. 2013 ಬಿಟ್ಟು 2014, 15, 16 ಸಿಕ್ಕರೆ ಈ ವಾಲ್ವ್ ಸ್ಪ್ರಿಂಗ್ ರಗಳೆಯೇ ಇಲ್ಲ. 2016ಕ್ಕೆ ಸಯಾನ್ ಬ್ರ್ಯಾಂಡ್ ಮುಚ್ಚಿತು, 2017ರಿಂದ ಇದೇ ಗಾಡಿ ಟೊಯೋಟಾ 86 ಅಂತ ಬಂತು. ಬಿಡಿಭಾಗ ಎಲ್ಲ ಟೊಯೋಟಾ ಡೀಲರ್ ಹತ್ತಿರವೇ ಸಿಗುತ್ತದೆ.

ಕುಂದಾಪ್ರದ ಮಾಣಿ

ಊರಿಗೆ ತರುವ ಆಸೆ ಬಿಟ್ಟುಬಿಡು ಮಾರಾಯ. ಹಳೇ ಗಾಡಿ ಇಂಡಿಯಾಕ್ಕೆ ತರಬೇಕಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನಿನ್ನದು ಎರಡೂ ಅಲ್ಲ. ನಾನು ಏಳು ವರ್ಷ ಅಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದೆ, ನನ್ನ ಮ್ಯಾನುಯಲ್ ಗಾಡಿಯ ಕೀ ಇನ್ನೊಬ್ಬರ ಕೈಗೆ ಕೊಟ್ಟ ದಿನ ಊಟ ಸೇರಲಿಲ್ಲ. ಅದಕ್ಕೇ ಹೇಳುವುದು, ಮೂರು ವರ್ಷ ಇದೆ ಅಲ್ವಾ, ಈಗಲೇ ತಗೊಂಡು ಚೆನ್ನಾಗಿ ಓಡಿಸು. ಮಾರುವಾಗಲೂ ಮ್ಯಾನುಯಲ್ ಗಾಡಿ ಕೇಳುವವರು ಇರುತ್ತಾರೆ.

ಇನ್ಶೂರೆನ್ಸ್ ಕೋಟ್ ಮೊದಲೇ ತಗೋ, ಮಿಶಿಗನ್‌ನಲ್ಲಿ ಅದು ಸಣ್ಣ ಖರ್ಚಲ್ಲ. ಮೊದಲು ಮೆಡಿಕಲ್ ಕವರೇಜ್ ಮಿತಿಯಿಲ್ಲದ್ದೇ ಕಡ್ಡಾಯವಾಗಿತ್ತು, 2020ರ ಜುಲೈನಿಂದ ಮಟ್ಟ ಆರಿಸಿಕೊಳ್ಳಬಹುದು. ಏಜೆಂಟ್ ಹತ್ತಿರ ಕೂತು ಸರಿಯಾಗಿ ಕೇಳಿ ಆರಿಸು. ಗಾಡಿಯ ಬೆಲೆ ಮೇಲೆ ಶೇಕಡಾ 6 ಟ್ಯಾಕ್ಸ್ ಬೇರೆ ಇದೆ.

ನೋವೈ ಹುಡುಗ

ಶನಿವಾರ ಹೋಗಿ ಬಂದೆ. ಎಲ್ಲ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಬಹುದು.

ಬೆಳಿಗ್ಗೆ ಒಂಬತ್ತಕ್ಕೆ ಹೇಳಿದ್ದೆ, ಎಂಟೂವರೆಗೇ ಹೋದೆ. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ! ಹೊರಗೆ ಚಳಿ, ಗಾಡಿ ಮಾತ್ರ ಬೆಚ್ಚಗೆ. ಕೇಳಿದರೆ ಈಗಷ್ಟೇ ತೊಳೆಸಿಕೊಂಡು ಬಂದೆ ಅಂದರು. ಆದರೂ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಅಕ್ಕ ಹೇಳಿದ ಹಾಗೇ ಕಪ್ಪು ಪದರ, ವಾಸನೆ ಕೂಡ ಆರಿರಲಿಲ್ಲ, ಬೋಲ್ಟಿನ ತಲೆಗಳ ಮೇಲೂ ಬಣ್ಣ ಇಳಿದು ಹನಿಯಾಗಿ ನಿಂತಿತ್ತು. ಜಾಕ್ ಕೊಡುವ ಅಂಚಿನ ಹತ್ತಿರ ಕುಟ್ಟಿದೆ, ಅಂಗೈಯಷ್ಟು ಹೆಕ್ಕಳೆ ನನ್ನ ಜಾಕೆಟ್ ಮೇಲೆ ಬಿತ್ತು. ಓನರಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ನಾನೂ ಬೆಲೆ ಮಾತಾಡದೆ ಬಂದೆ.

ಮನೆಗೆ ಬರುವ ದಾರಿಯಲ್ಲಿ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಮತ್ತೆ ಹುಡುಕಿದಾಗ ಟೆನ್ನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ 2015ರ ಎಫ್‌ಆರ್-ಎಸ್ ಒಂದು ಸಿಕ್ಕಿತು. 91,000 ಮೈಲಿ, ಒಬ್ಬರೇ ಓನರ್, ಏನೂ ಬದಲಾಯಿಸಿಲ್ಲ, 9,600 ಡಾಲರ್. ಓನರ್ ರಿಟೈರ್ ಆದ ಮೇಷ್ಟರು. ತಳದ ಫೋಟೋ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ ಹದಿನಾಲ್ಕು ಫೋಟೋ ಕಳಿಸಿದರು, ಫ್ಯಾಕ್ಟರಿಯಲ್ಲಿ ಬೋಲ್ಟ್ ಬಿಗಿ ಮಾಡಿ ಹಾಕಿದ ಬಣ್ಣದ ಗುರುತು ಕೂಡ ಹಾಗೇ ಕಾಣುತ್ತದೆ. ಆಯಿಲ್ ಬಿಲ್ಲುಗಳನ್ನೆಲ್ಲ ಫೈಲ್ ಮಾಡಿಟ್ಟಿದ್ದಾರೆ. ಹಿಂದಿನ ಒಂದು ಲೈಟಿನೊಳಗೆ ನೀರಿನ ಹಬೆ ಕೂತಿದೆ ಅಂತ ತಾವಾಗಿಯೇ ಹೇಳಿದರು. ಅಲ್ಲಿನ ಒಬ್ಬ ಮೆಕ್ಯಾನಿಕ್ ಹತ್ತಿರ 180 ಡಾಲರ್ ಕೊಟ್ಟು ಲಿಫ್ಟ್ ಮೇಲೆ ಏರಿಸಿ ಚೆಕ್ ಮಾಡಿಸಿದ್ದೇನೆ. ರಿಲೀಸ್ ಬೇರಿಂಗ್ ಸದ್ದು ಶುರುವಾಗಿದೆ, ಬೇರೆ ಏನೂ ಇಲ್ಲ ಅಂದರು. ಅದನ್ನು ಹೇಳಿ ಕೇಳಿದ್ದಕ್ಕೆ 8,900ಕ್ಕೆ ಒಪ್ಪಿದ್ದಾರೆ.

ಮುಂದಿನ ಶುಕ್ರವಾರ ಹೋಗುತ್ತಿದ್ದೇನೆ. ಟೈಟಲ್‌ಗೆ (ಗಾಡಿಯ ಮಾಲೀಕತ್ವದ ಪತ್ರಕ್ಕೆ) ಏನೇನು ನೋಡಬೇಕು? ಚಳಿಗಾಲದ ಟೈರ್ ಯಾವ ಸೈಜ್ ಹಾಕಲಿ?

ಧಾರವಾಡದ ಅಕ್ಕ

ಭಾಳ ಖುಷಿ ಆಯ್ತು ನೋಡ್ರಿ. ಲೈಟಿನೊಳಗಿನ ಹಬೆ ಈ ಗಾಡಿಗಳಲ್ಲಿ ಸಾಮಾನ್ಯ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಂದ ವಾರವೇ ಎಣ್ಣೆ ಸ್ಪ್ರೇ ಮಾಡಿಸಿ. ಮೊದಲ ಉಪ್ಪು ಬೀಳುವ ಮುಂಚೆ, ತಳ ಒಣಗಿರುವಾಗ ಮಾಡಿಸಬೇಕು.

ಬಾಕ್ಸರ್ ಭಟ್ಟ

ಸರಿಯಾದ ಗಾಡಿ ಹಿಡಿದಿದ್ದೀರಿ. ಟೈಟಲ್ ಮೇಲೆ ಅವರ ಹೆಸರು ಮತ್ತು ಅವರ ಲೈಸೆನ್ಸ್ ಮೇಲಿನ ಹೆಸರು ಒಂದೇ ಇರಬೇಕು, ವಿಐಎನ್ ಡ್ಯಾಶ್‌ಬೋರ್ಡಿನಲ್ಲಿರುವುದಕ್ಕೆ ಅಕ್ಷರ ಅಕ್ಷರ ಹೊಂದಬೇಕು, ಸಾಲ್ವೇಜ್ (ಅಪಘಾತದಲ್ಲಿ ಹಾಳಾದದ್ದು) ಅಥವಾ ರೀಬಿಲ್ಟ್ (ಅದನ್ನು ಮತ್ತೆ ಕಟ್ಟಿದ್ದು) ಅಂತ ಎಲ್ಲೂ ಇರಬಾರದು. ಬ್ಯಾಂಕ್ ಸಾಲದ ಹೆಸರು ಟೈಟಲ್ ಮೇಲಿದ್ದರೆ ತೀರಿದ ಪತ್ರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ದುಡ್ಡನ್ನು ಅವರ ಬ್ಯಾಂಕಿನಲ್ಲೇ ಕೂತು ಕೊಟ್ಟರೆ ಇಬ್ಬರಿಗೂ ನೆಮ್ಮದಿ. ವಾಪಸ್ ಓಡಿಸಿಕೊಂಡು ಬರಲು ಟೆಂಪರರಿ ಪ್ಲೇಟ್ ಮತ್ತು ಇನ್ಶೂರೆನ್ಸ್ ಹೊರಡುವ ಮುಂಚೆಯೇ ವ್ಯವಸ್ಥೆ ಮಾಡಿಕೊಳ್ಳಿ. ಗಾಡಿ ಕೊಂಡ ದಿನದಿಂದ 15 ದಿನದೊಳಗೆ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿನಲ್ಲಿ (ನಮ್ಮೂರ ಆರ್‌ಟಿಒ ಇದ್ದ ಹಾಗೆ) ಟೈಟಲ್ ನಿಮ್ಮ ಹೆಸರಿಗೆ ಮಾಡಿಸಿ, ತಡವಾದರೆ ದಂಡ ಬೀಳುತ್ತದೆ. 8,900ಕ್ಕೆ ಟ್ಯಾಕ್ಸ್ 534 ಡಾಲರ್ ಆಗುತ್ತದೆ.

ಟೈರ್ ವಿಷಯ: ಕಂಪನಿಯಿಂದ ಬರುವುದು 215/45 ಆರ್17. ಚಳಿಗಾಲಕ್ಕೆ ನಾನು 16 ಇಂಚಿನ ರಿಮ್ ಮೇಲೆ 205/55 ಆರ್16 ಹಾಕುತ್ತೇನೆ. ಟೈರಿನ ಗೋಡೆ ಎತ್ತರ ಇರುತ್ತದೆ, ಇಲ್ಲಿನ ಹೊಂಡಗಳಿಗೆ ಅದೇ ವಾಸಿ. ಐದು ಬೋಲ್ಟು, 100 ಮಿಲಿಮೀಟರ್ ಅಳತೆ, ಸುಬಾರು ಇಂಪ್ರೆಜಾದ ಹಳೇ ರಿಮ್ ಹೊಂದುತ್ತದೆ. ನನ್ನ ಗ್ಯಾರೇಜಿನಲ್ಲಿ ಒಂದು ಹಳೇ ಸೆಟ್ ಸುಮ್ನೆ ಬಿದ್ದಿದೆ, ಆನ್ ಆರ್ಬರ್‌ಗೆ ಬಂದು ತೆಗೆದುಕೊಂಡು ಹೋಗಿ. ಗಾಡಿಯನ್ನೇ ತನ್ನಿ, ಇಲ್ಲೇ ಹಾಕಿ ನೋಡೋಣ.